ಲಾ ಓದಬೇಕು ಅಂತಿದ್ದೀರಾ? ಮೊದಲು ಮನೆಯ ಟ್ರಂಕು ತೆಗೆಯಿರಿ

'ಡಿಗ್ರಿ ಮುಗಿಸಿ ಲಾ ಮಾಡ್ತೀನಿ, ಈಗಿಂದ ಯಾವ ಪುಸ್ತಕ ತಗೋಬೇಕು?' ಅಂತ ಹುಡುಗರು ಕೇಳುತ್ತಾರೆ. ಸದ್ಯಕ್ಕೆ ಯಾವುದೂ ಬೇಡ. ನೀವು ಬಾಗಲಕೋಟೆ ಕಡೆಯವರಾದರೆ ಮನೆಯಲ್ಲೋ ಸೋದರಮಾವನ ಮನೆಯಲ್ಲೋ ಒಂದು ಮುಳುಗಡೆ ಫೈಲ್, ಅಂದ್ರೆ ಅಣೆಕಟ್ಟಿನ ನೀರಿಗೆ ಹೋದ ಜಮೀನಿನ ಕಾಗದಪತ್ರ, ಇದ್ದೇ ಇರುತ್ತದೆ, ಅಲ್ವಾ? ಅದನ್ನು ಬಿಚ್ಚಿ.

ನಮ್ಮ ಮನೆಯದರಲ್ಲಿ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹೋದ ಹೊಲದ ಉತಾರ (ಪಹಣಿ), ಪರಿಹಾರ ಇಷ್ಟು ಅಂತ ತಿಳಿಸುವ ಅವಾರ್ಡ್ ನೋಟಿಸ್, ಪರಿಹಾರ ಸಾಲದು ಅಂತ ಅಜ್ಜ ಹಾಕಿದ ಅರ್ಜಿ, ಕೊನೆಗೆ ಕೋರ್ಟಿನ ತೀರ್ಪು ಎಲ್ಲ ಇತ್ತು. ಬಿಎ ಎರಡನೇ ವರ್ಷದಲ್ಲಿ ಓದಲು ಕೂತೆ. ಮೊದಲ ದಿನ ಎರಡು ಪುಟ ದಾಟಲಿಲ್ಲ. ಹಣ ಪಡೆದ ರಸೀದಿಯಲ್ಲಿ ಅಜ್ಜನ ಹೆಬ್ಬೆಟ್ಟಿನ ಮೇಲೆ 'ತಕರಾರಿನೊಂದಿಗೆ ಪಡೆದಿದ್ದೇನೆ' ಅಂತ ಯಾರೋ ಬರೆದಿದ್ದರು. ಸುಮ್ನೆ ಬರೆದ ಸಾಲು ಅಂದುಕೊಂಡೆ. ಆಮೇಲೆ 1894ರ ಭೂಸ್ವಾಧೀನ ಕಾಯ್ದೆ ತೆಗೆದು ನೋಡಿದರೆ, ತಕರಾರಿಲ್ಲದೆ ಹಣ ತಗೊಂಡವರು 18ನೇ ಕಲಂ ಪ್ರಕಾರ ಜಾಸ್ತಿ ಪರಿಹಾರ ಕೇಳಿ ಕೋರ್ಟಿಗೆ ಹೋಗುವಂತೆಯೇ ಇರಲಿಲ್ಲ. ಆ ಎರಡು ಪದ ಬರೆಸಿದ ವಕೀಲರಿಗೆ ಮನಸ್ಸಿನಲ್ಲೇ ಕೈಮುಗಿದೆ. (ಆ ಕಾಯ್ದೆ ಈಗಿಲ್ಲ, 2014ರ ಜನವರಿ 1ರಿಂದ ಹೊಸದು ಬಂದಿದೆ.)

ಓದುವಾಗ ಒಂದು ಹಾಳೆ ಇಟ್ಟುಕೊಳ್ಳಿ. ಯಾರು ಏನು ಕೇಳಿದರು, ಜಗಳ ಯಾವುದರ ಮೇಲೆ, ನ್ಯಾಯಾಧೀಶರು ಯಾವ ಕಾರಣಕ್ಕೆ ಹಾಗೆ ಹೇಳಿದರು, ಇಷ್ಟನ್ನು ನಿಮ್ಮ ಮಾತಲ್ಲಿ ಬರೆಯಿರಿ. ವಾರಕ್ಕೆ ಒಂದು ತೀರ್ಪು ಸಾಕು. ಕೆಳ ಕೋರ್ಟಿನ ಕನ್ನಡ ತೀರ್ಪು ಒಂದು, ಹೈಕೋರ್ಟಿನ ಧಾರವಾಡ ಪೀಠದ ಇಂಗ್ಲಿಷ್ ತೀರ್ಪು ಒಂದು, ಹೀಗೆ ಬದಲಾಯಿಸಿ ಓದಿದರೆ ಇಂಗ್ಲಿಷ್ ಭಯವೂ ಕರಗುತ್ತದೆ.

ತಿಂಗಳಿಗೊಮ್ಮೆ ಜಿಲ್ಲಾ ಕೋರ್ಟಿಗೂ ಹೋಗಿ. ಕಲಾಪ ನೋಡಲು ಸಾಮಾನ್ಯವಾಗಿ ಯಾರ ಅಪ್ಪಣೆಯೂ ಬೇಕಿಲ್ಲ, ಹಿಂದಿನ ಬೆಂಚಿನಲ್ಲಿ ಕೂತರಾಯಿತು. ಫೋನ್ ಮಾತ್ರ ಆಫ್ ಮಾಡಿ. ನನ್ನದು ಪಾಟಿಸವಾಲಿನ (ಎದುರು ಪಕ್ಷದ ವಕೀಲರು ಸಾಕ್ಷಿಯನ್ನು ಪ್ರಶ್ನಿಸುವುದು) ನಡುವೆ ಬಡಕೊಂಡಿತ್ತು, ಇಡೀ ಹಾಲ್ ತಿರುಗಿ ನೋಡಿತು.

ಅಡ್ಮಿಷನ್ ವಿಷಯ ಸರಳ. ಮೂರು ವರ್ಷದ ಎಲ್‌ಎಲ್‌ಬಿಗೆ ಯಾವ ಡಿಗ್ರಿಯಾದರೂ ನಡೆಯುತ್ತದೆ. ಸಾಮಾನ್ಯ ವರ್ಗಕ್ಕೆ ಶೇ 45, ಒಬಿಸಿಗೆ 42, ಎಸ್‌ಸಿ, ಎಸ್‌ಟಿಗೆ 40 ಅಂಕ ಬೇಕು. ಪಿಯುಸಿ ಮಾಡದೆ ನೇರವಾಗಿ ಮುಕ್ತ ವಿವಿಯಿಂದ ಡಿಗ್ರಿ ತಗೊಂಡಿದ್ದರೆ ನಡೆಯಲ್ಲ, ಇದು ಬಹಳ ಜನಕ್ಕೆ ಕೊನೆಗೆ ಗೊತ್ತಾಗುತ್ತದೆ. ಬಾಗಲಕೋಟೆಯ ನಂದಿಮಠ ಕಾಲೇಜು, ಬೆಳಗಾವಿಯ ಆರ್‌ಎಲ್ ಕಾಲೇಜು ಎರಡೂ ಹುಬ್ಬಳ್ಳಿಯ ಕಾನೂನು ವಿವಿಗೆ ಸೇರಿದವು. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ ಮೇಲೆ ಕಣ್ಣಿದ್ದರೆ ಅಲ್ಲಿನ ಮೂರು ವರ್ಷದ ಕೋರ್ಸಿಗೆ ಎನ್‌ಎಲ್‌ಸ್ಯಾಟ್ ಅಂತ ಬೇರೆ ಪರೀಕ್ಷೆ, ಅದರಲ್ಲಿ ಬರೆಯುವ ಉತ್ತರಗಳೂ ಇರುತ್ತವೆ. ನೀವು ಬರೆದಿಟ್ಟ ಹಾಳೆಗಳು ಅಲ್ಲಿ ಕೆಲಸಕ್ಕೆ ಬರುತ್ತವೆ.

ಅರ್ಧ ಬೆಲೆಗೆ ಸಿಕ್ಕಿತು ಅಂತ ಹಳೇ ಐಪಿಸಿ (ಭಾರತೀಯ ದಂಡ ಸಂಹಿತೆ) ಪುಸ್ತಕ ಹೊತ್ತು ತರಬೇಡಿ. 2024ರ ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಆದರೆ ಅದಕ್ಕಿಂತ ಮುಂಚಿನ ಅಪರಾಧಗಳ ಕೇಸು ಇನ್ನೂ ಐಪಿಸಿಯಲ್ಲೇ ನಡೆಯುತ್ತಿವೆ, ಹಾಗಾಗಿ ಯಾರಾದರೂ ಪುಕ್ಕಟೆ ಕೊಟ್ಟರೆ ಬೇಡ ಅನ್ನಬೇಡಿ.