ಉದ್ದ ಆಯ್ತೇನ್ರೀ? ಬಳ್ಳಾರಿ ಜೀನ್ಸ್‌ಗೆ ನಾವು ಮಾಡಿದ 30 ಸೆಕೆಂಡಿನ ಜಾಹೀರಾತು

ಪತ್ರಿಕೋದ್ಯಮ ಓದುವಾಗ ನಮ್ಮ ಮೇಡಂ ಕೊಟ್ಟ ಕೆಲಸ ಇಷ್ಟೇ: ಊರಲ್ಲಿರುವ ಯಾವುದಾದರೂ ಸಣ್ಣ ವ್ಯಾಪಾರಕ್ಕೆ 30 ಸೆಕೆಂಡಿನ ಜಾಹೀರಾತು ಮಾಡಿ. ಇಲ್ಲದ ಸೋಪಿಗೆ, ಇಲ್ಲದ ಟೂತ್‌ಪೇಸ್ಟಿಗೆ ಮಾಡಿದರೆ ಮಾರ್ಕ್ಸ್ ಇಲ್ಲ. ಒಳ್ಳೆ ನಿಯಮ ಅಂತ ನನಗೆ ಈಗಲೂ ಅನ್ನಿಸುತ್ತದೆ. ಇಲ್ಲದ ಸೋಪಿಗೆ ಮಾಲೀಕ ಇರುವುದಿಲ್ಲ, ಅವನ ಬೇಕು-ಬೇಡಗಳೂ ಇರುವುದಿಲ್ಲ. ಮಾಲೀಕ ಇಲ್ಲದ ಜಾಹೀರಾತು ಸುಮ್ನೆ ಕಿರುಚಿತ್ರ.

ಕ್ಲಾಸಿನ ಅರ್ಧ ಜನ ಒಗ್ಗರಣೆ ಮಂಡಕ್ಕಿ-ಮಿರ್ಚಿ ಗಾಡಿಗಳ ಕಡೆ ಓಡಿದರು. ಕಾದ ಎಣ್ಣೆಗೆ ಮಿರ್ಚಿ ಬಿಡೋ ಶಾಟ್ ಯಾರು ತೆಗೆದರೂ ಚೆನ್ನಾಗೇ ಬರುತ್ತದೆ, ಅದಕ್ಕೇ ಇರಬೇಕು. ನಮ್ಮ ತಂಡ ಜೀನ್ಸ್ ಹಿಡಿಯಿತು. ಹೊರಗಿನವರಿಗೆ ಬಳ್ಳಾರಿ ಅಂದರೆ ಗಣಿ. ಇಲ್ಲಿರೋರಿಗೆ ಗೊತ್ತು, ಕೌಲ್ ಬಜಾರ್ ಕಡೆ ಹೋದರೆ ಗಲ್ಲಿಗಳಲ್ಲಿ ಮಷಿನ್ ಸದ್ದು ಕೇಳಿಸುತ್ತಲೇ ಇರುತ್ತದೆ. ಬ್ರಿಟಿಷರ ಕಾಲದಲ್ಲಿ ಸಿಪಾಯಿಗಳ ಬಟ್ಟೆ ಹೊಲಿಯುತ್ತಿದ್ದ ದರ್ಜಿಗಳಿಂದ ಈ ಕಸುಬು ಬೆಳೆಯಿತು ಅಂತ ಊರಲ್ಲಿ ಹೇಳುತ್ತಾರೆ.

ನಮಗೆ ಸಿಕ್ಕಿದ್ದು ಒಂದು ಸಣ್ಣ ಯೂನಿಟ್. ಮುಂದೆ ಅಂಗಡಿ, ನಡುವೆ ಒಂದು ಪರದೆ, ಹಿಂದೆ ಮಷಿನ್‌ಗಳು. ಜಾಸ್ತಿ ಕೆಲಸ ಬೇರೆಯವರ ಲೇಬಲ್‌ಗೆ ಜಾಬ್‌ವರ್ಕ್. ಸ್ವಂತದ್ದು ಸ್ವಲ್ಪ ಹೊಲಿದು ಮುಂದಿನ ಅಂಗಡಿಯಲ್ಲಿ ಮಾರುತ್ತಾರೆ. ಆ ಅಂಗಡಿಗೆ ಜಾಹೀರಾತು.

ಮಾಲೀಕರ ಪಟ್ಟಿ ದೊಡ್ಡದಿತ್ತು. ಹೋಲ್‌ಸೇಲ್ ಇದೆ ಅನ್ನಬೇಕು, ರಿಟೇಲ್ ಇದೆ ಅನ್ನಬೇಕು, ಮಕ್ಕಳ ಸೈಜ್ ಇದೆ, ದಸರಾಕ್ಕೆ ಆಫರ್ ಇದೆ, ಎರಡು ಫೋನ್ ನಂಬರ್, ಕೊನೆಗೆ ಅವರ ಫೋಟೋ. ಮೇಲೆ 'ಕರ್ನಾಟಕದ ನಂ. 1', ಕೆಳಗೆ '100% ಕಾಟನ್'. ಅವರದ್ದೇನೂ ತಪ್ಪಿಲ್ಲ. ದುಡ್ಡು ಹಾಕಿ ಅಂಗಡಿ ಇಟ್ಟವರಿಗೆ ಎಲ್ಲವೂ ಮುಖ್ಯ. ನಮ್ಮ ಕೆಲಸ ಅದರಲ್ಲಿ ಒಂದನ್ನು ಆರಿಸಿ ಉಳಿದದ್ದನ್ನು ಬಿಡುವುದು. ಹಾಗೆ ಆರಿಸಿದ, ಬೇರೆಯವರಲ್ಲಿ ಇಲ್ಲದ ಆ ಒಂದು ಗುಣಕ್ಕೆ ಕ್ಲಾಸಿನಲ್ಲಿ ಯುಎಸ್‌ಪಿ ಅಂತ ಹೆಸರು. ಎಕ್ಸಾಮಿನಲ್ಲಿ ಐದು ಮಾರ್ಕ್ಸ್‌ಗೆ ಬರೆದಾಗ ಸುಲಭ ಅನ್ನಿಸಿತ್ತು. ಎದುರಿಗೆ ಮಾಲೀಕರು ಚಹಾ ತರಿಸಿಕೊಂಡು ಕೂತಿರುವಾಗ ಅಷ್ಟು ಸುಲಭ ಅಲ್ಲ.

ಆ ಒಂದು ಸಂಗತಿಯನ್ನು ನಾವು ತಲೆ ಕೆರೆದುಕೊಂಡು ಹುಡುಕಲಿಲ್ಲ. ಅಂಗಡಿಯ ಮೂಲೆಯಲ್ಲಿ ಸುಮ್ನೆ ಕೂತು ಗಿರಾಕಿಗಳನ್ನು ನೋಡಿದೆವು. ಬಟ್ಟೆ ಯಾವ ಮಿಲ್ಲಿಂದು ಅಂತ ಒಬ್ಬರೂ ಕೇಳಲಿಲ್ಲ. ಹಾಕಿಕೊಂಡು ಕನ್ನಡಿ ಮುಂದೆ ನಿಂತವರೆಲ್ಲ ಮೊದಲು ನೋಡಿದ್ದು ಕಾಲ ಕೆಳಗೆ. ಸೊಂಟಕ್ಕೆ ಸರಿಯಾದ ಜೀನ್ಸ್ ಹಿಮ್ಮಡಿ ಹತ್ತಿರ ಮುದುರಿ ಕೂತಿರುತ್ತದೆ. ಒಂದು ಸುತ್ತು ಮಡಚಿ, ಪಕ್ಕಕ್ಕೆ ತಿರುಗಿ, ಮತ್ತೆ ಬಿಚ್ಚುತ್ತಾರೆ. ಆಗ ಮಾಲೀಕರು ಪ್ಯಾಂಟ್ ಇಸಕೊಂಡು ಪರದೆ ಹಿಂದೆ ಕೊಡುತ್ತಾರೆ. ಗಿರಾಕಿ ಚಹಾ ಕುಡಿದು ಮುಗಿಸೋ ಹೊತ್ತಿಗೆ ಪ್ಯಾಂಟ್ ವಾಪಸ್.

ಇದರಲ್ಲೇನು ವಿಶೇಷ ಅನ್ನಿಸಬಹುದು. ಪರದೆ ಹಿಂದೆ ಹೋಗಿ ನೋಡಿದ ಮೇಲೆ ನಮಗೂ ಅರ್ಥ ಆಯಿತು. ಜೀನ್ಸ್‌ನ ಕಾಲಂಚು ಎರಡು ಮಡಿಕೆ. ಪಕ್ಕದ ಹೊಲಿಗೆ ಬಂದು ಸೇರುವ ಕಡೆ ಬಟ್ಟೆ ಪದರದ ಮೇಲೆ ಪದರ ಬಿದ್ದು ಗಂಟಿನ ಹಾಗೆ ದಪ್ಪ ಆಗುತ್ತದೆ. ಮನೆ ಮಷಿನ್‌ಗೆ ಹಾಕಿದರೆ ಸೂಜಿ ಅಲ್ಲೇ ಮುರಿಯಬಹುದು. ಇಲ್ಲಿನವರು ಆ ಗಂಟಿನ ಮೇಲೆ ಸುತ್ತಿಗೆಯಿಂದ ಎರಡು ಏಟು ಹಾಕಿ, ಚಪ್ಪಟೆ ಮಾಡಿ, ಆಮೇಲೆ ಹೊಲಿಗೆ ಓಡಿಸುತ್ತಾರೆ. ದಾರವೂ ಪ್ಯಾಂಟ್‌ಗೆ ಮೊದಲು ಹಾಕಿದ್ದೇ, ಅದೇ ದಪ್ಪ, ಅದೇ ಹಳದಿ-ಕೇಸರಿ ಬಣ್ಣ. ಬೇರೆ ಕಡೆ ಜೀನ್ಸ್ ತಗೊಂಡು ಓಣಿಯ ಟೈಲರ್ ಹತ್ತಿರ ಕಾಲು ಮಡಚಿಸಿದವರು ಕೆಳಗೆ ಬಗ್ಗಿ ನೋಡಿಕೊಳ್ಳಿ. ನೀಲಿ ದಾರ ಕಾಣಿಸುತ್ತದೆ, ಅಲ್ವಾ?

ಸಿಕ್ಕಿತು. ಹೊಲಿದವರೇ ಹಿಂದೆ ಕೂತಿದ್ದಾರೆ. ಆಫರ್, ಮಕ್ಕಳ ಸೈಜ್, ಹೋಲ್‌ಸೇಲ್ ಎಲ್ಲ ಹೊರಗೆ.

'ನಂ. 1' ಬಿಡಿಸುವುದಕ್ಕೆ ಸ್ವಲ್ಪ ವಾದ ಆಯಿತು. ಎಲ್ಲರೂ ಹಾಕುತ್ತಾರಲ್ಲ ಅಂದರು. ಜಾಹೀರಾತುಗಳ ಮೇಲೆ ಕಣ್ಣಿಡೋಕೆ ಆ ಕ್ಷೇತ್ರದವರೇ 1985ರಲ್ಲಿ ಶುರು ಮಾಡಿದ ಎಎಸ್‌ಸಿಐ ಅಂತ ಒಂದು ಸಂಸ್ಥೆ ಇದೆ, ಜಾಹೀರಾತಿನಲ್ಲಿ ಹೇಳಿದ್ದಕ್ಕೆ ಆಧಾರ ತೋರಿಸಬೇಕು ಅನ್ನೋದು ಅದರ ನಿಯಮ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸೋ ಜಾಹೀರಾತಿಗೆ ದಂಡವೂ ಇದೆ ಅಂತ ವಿವರಿಸಿದೆವು. ಅವರು ತಲೆ ಕೆಡಿಸಿಕೊಳ್ಳಲಿಲ್ಲ. '100% ಕಾಟನ್' ಮಾತ್ರ ಅವರೇ ಬಿಟ್ಟರು. ನಾವು ಶೆಲ್ಫಿನಿಂದ ಒಂದು ಪ್ಯಾಂಟ್ ತೆಗೆದು ಎಳೆದು ತೋರಿಸಿದೆವು. ಅದು ಸ್ಟ್ರೆಚ್ ಡೆನಿಮ್, ಎಲಾಸ್ಟೇನ್ ಅನ್ನೋ ಹಿಗ್ಗುವ ಕೃತಕ ನೂಲು ಇಲ್ಲದೆ ಹಾಗೆ ಹಿಗ್ಗುವುದಿಲ್ಲ. ಅವರೇ ನಕ್ಕರು. ಅದೇ ಗುಂಗಿನಲ್ಲಿ 'ನಂ. 1' ಕೂಡ ಹೋಯಿತು.

ಇನ್ನು ಸ್ಕ್ರಿಪ್ಟ್. ಹಾಳೆಯ ನಡುವೆ ಗೆರೆ ಎಳೆದು ಎಡಕ್ಕೆ ದೃಶ್ಯ, ಬಲಕ್ಕೆ ಧ್ವನಿ ಬರೆಯುವುದು ಹಳೆಯ ಪದ್ಧತಿ. ಮೇಡಂ ಒಂದು ಷರತ್ತು ಹಾಕಿದರು. ಮೊದಲು ಬಲಗಡೆ ಬರೆಯಿರಿ, ಕಣ್ಣು ಮುಚ್ಚಿಕೊಂಡು ಕೇಳಿದರೂ ಜಾಹೀರಾತು ಅರ್ಥ ಆಗಬೇಕು ಅಂತ. ವಿವಿಧ ಭಾರತಿಯಲ್ಲಿ ಜಾಹೀರಾತು ಶುರುವಾಗಿದ್ದು 1967ರಲ್ಲಿ, ದೂರದರ್ಶನದಲ್ಲಿ 1976ರಲ್ಲಿ. ನಡುವಿನ ಅಷ್ಟು ವರ್ಷ ರೇಡಿಯೋದವರು ಬರೀ ಕಿವಿಗೇ ಸಾಮಾನು ಮಾರಿದರು. ಅದನ್ನು ನೆನಪಿಡಿ ಅಂದರು. ಈ ಷರತ್ತೇ ನಮ್ಮ ಜಾಹೀರಾತನ್ನು ಉಳಿಸಿದ್ದು.

ಮೊದಲ ಕರಡಿನಲ್ಲಿ ಮಾತೋ ಮಾತು. ಸ್ಟಾಪ್‌ವಾಚ್ ಹಿಡಿದು ಜೋರಾಗಿ ಓದಿದರೆ ಒಂದು ನಿಮಿಷ ದಾಟುತ್ತಿತ್ತು. ನಮ್ಮ ಪದಗಳು ಉದ್ದ, ವಿಭಕ್ತಿ ಎಲ್ಲ ಬಾಲಕ್ಕೇ ಅಂಟಿಕೊಂಡಿರುತ್ತದೆ. ಉಸಿರು ಬಿಟ್ಟು ಓದಿದರೆ 30 ಸೆಕೆಂಡಿಗೆ 45-50 ಪದ ಹಿಡಿಯುತ್ತವೆ, ಅಷ್ಟೇ. ಇಂಗ್ಲಿಷ್ ಪುಸ್ತಕದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಕತ್ತರಿಸುತ್ತಾ ಹೋದೆವು. ಕೊನೆಗೆ ಉಳಿದಿದ್ದು ಒಂದೇ ಮಾತು, ಮೇಲೆ ಅಂಗಡಿ ಹೆಸರು. ಮಿಕ್ಕ ಜಾಗವೆಲ್ಲ ಸದ್ದಿಗೆ: ಸೀಮೆಸುಣ್ಣ ಎಳೆಯೋ ಸದ್ದು, ಕತ್ತರಿ, ಸುತ್ತಿಗೆ, ಮಷಿನ್.

ಎಡಗಡೆ ಆಮೇಲೆ ತುಂಬಿಸಿದೆವು. ಕನ್ನಡಿ ಮುಂದೆ ಹುಡುಗ, ಕಾಲ ಕೆಳಗೆ ಮುದುರಿದ ಜೀನ್ಸ್. ಮಾಲೀಕರ ಕೈ ಪ್ಯಾಂಟ್ ಇಸಕೊಳ್ಳುತ್ತದೆ, ಪರದೆ ಅಲ್ಲಾಡುತ್ತದೆ. ಆಮೇಲೆ ಬರೀ ಕೈಗಳು. ಕೊನೆಗೆ ಹುಡುಗನ ಬೂಟಿನ ಮೇಲೆ ಸರಿಯಾಗಿ ಕೂತ ಕಾಲಂಚು. ಒಂದೊಂದು ಶಾಟನ್ನೂ ಮೊದಲೇ ಚಿತ್ರ ಬರೆದಿಡೋ ಸ್ಟೋರಿಬೋರ್ಡ್‌ಗೆ ಕಡ್ಡಿ ಗೊಂಬೆ ಸಾಕು. ಯಾರೂ ಅದಕ್ಕೆ ಬಹುಮಾನ ಕೊಡುವುದಿಲ್ಲ.

ಕೋಟೆ ಗುಡ್ಡದ ಮೇಲೆ ಸೂರ್ಯ ಹುಟ್ಟೋ ಶಾಟ್ ಬೇಕು ಅಂತ ನಮ್ಮ ಕ್ಯಾಮೆರಾದವನ ಹಠ. ಇನ್ನೊಬ್ಬಳಿಗೆ ಹಂಪಿಯ ಕಲ್ಲಿನ ರಥ. ನಮ್ಮ ಕಡೆ ಏನೇ ಜಾಹೀರಾತು ಮಾಡಿದರೂ, ಸಿಮೆಂಟಿಂದ ಹಿಡಿದು ಕೋಚಿಂಗ್ ಸೆಂಟರ್‌ವರೆಗೂ, ರಥ ಬಂದೇ ಬರುತ್ತದೆ. 2021ರಿಂದ ಹಂಪಿ ವಿಜಯನಗರ ಜಿಲ್ಲೆಗೆ ಸೇರಿದೆ, ಅವರೇ ಬಳಸಿಕೊಳ್ಳಲಿ ಬಿಡಿ ಅಂದೆ. ಪ್ಯಾಂಟಿನ ಉದ್ದಕ್ಕೂ ಗುಡ್ಡಕ್ಕೂ ಏನು ಸಂಬಂಧ?

ಶೂಟಿಂಗ್ ಫೋನಿನಲ್ಲೇ. ಮೊದಲು ಕಾಡಿದ್ದು ಟ್ಯೂಬ್‌ಲೈಟ್. ಫೋನಿನ ಪರದೆ ಮೇಲೆ ಕಪ್ಪು ಪಟ್ಟಿಗಳು ಮೇಲಿಂದ ಕೆಳಗೆ ಜಾರುತ್ತಿದ್ದವು. ನಮ್ಮ ಕರೆಂಟು 50 ಹರ್ಟ್ಸ್, ಅಂದರೆ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕಣ್ಣಿಗೆ ಕಾಣಿಸದಿದ್ದರೂ ಕ್ಯಾಮೆರಾಗೆ ಕಾಣಿಸುತ್ತದೆ. ಫೋನಿನ ಆಟೋ ಮೋಡ್ ಬಿಟ್ಟು, ಕೈಯಿಂದ ಸೆಟ್ ಮಾಡೋ ಆ್ಯಪ್ ಹಾಕಿ, ಶಟರ್ ವೇಗ ಸೆಕೆಂಡಿನ 1/50ಕ್ಕೆ ಇಟ್ಟು, ಸೆಕೆಂಡಿಗೆ 25 ಫ್ರೇಮ್ ಮಾಡಿದರೆ ಪಟ್ಟಿ ಮಾಯ. ಬೆಳಕು ಜಾಸ್ತಿ ಇದ್ದರೆ 1/100 ಕೂಡ ನಡೆಯುತ್ತದೆ. ಬಾಗಿಲ ಬಿಸಿಲು ಒಳಗೆ ಬರದ ಹಾಗೆ ಒಂದು ಡೆನಿಮ್ ಥಾನನ್ನೇ ಅಡ್ಡ ಹಿಡಿದೆವು. ಬಳ್ಳಾರಿ ಬಿಸಿಲಿಗೆ ಫೋನ್ ಕಾದು ತಾನೇ ಆಫ್ ಆಗುತ್ತದೆ. ಹಾಗಾಗಿ ಮಧ್ಯಾಹ್ನ ಹೊರಗಿನ ಶಾಟ್ ಇಟ್ಟುಕೊಳ್ಳಲೇ ಇಲ್ಲ.

ಜಾಬ್‌ವರ್ಕ್ ಮಾಡೋ ಯೂನಿಟ್‌ನಲ್ಲಿ ಇನ್ನೊಂದು ಜಾಗ್ರತೆ ಬೇಕು. ಮೂಲೆ ಮೂಲೆಯಲ್ಲೂ ಬೇರೆಯವರ ಲೇಬಲ್ ಹಚ್ಚಿದ ಪ್ಯಾಂಟಿನ ರಾಶಿ ಇರುತ್ತದೆ. ಅದು ಫ್ರೇಮಿಗೆ ಬಂದರೆ ಮಾಲೀಕರಿಗೆ ಬರೋ ಆರ್ಡರ್‌ಗೇ ಕುತ್ತು. ಪ್ರತಿ ಶಾಟಿಗೆ ಮುಂಚೆ ರಾಶಿಗಳನ್ನು ಒಳಮಗ್ಗುಲು ತಿರುಗಿಸಿ ಇಡುವುದೇ ಒಬ್ಬರ ಕೆಲಸ ಆಯಿತು. ಕಾಣಿಸಿಕೊಳ್ಳುವ ಎಲ್ಲರ ಹತ್ತಿರ ಒಪ್ಪಿಗೆ ಪತ್ರ ಬರೆಸಿಕೊಂಡೆವು. ಓದಲು ಬಾರದವರಿಗೆ ಓದಿ ಹೇಳಿ, ಬೇಡ ಅಂದವರ ಮಷಿನ್ ಬಿಟ್ಟೆವು. ಕೂಲಿ ಇಲ್ಲಿ ಪೀಸ್ ಲೆಕ್ಕ. 'ಅಣ್ಣಾ, ಇನ್ನೊಂದು ಸಲ' ಅಂತ ನಾವು ನಿಲ್ಲಿಸಿದ ಹೊತ್ತೆಲ್ಲ ಅವರ ಜೇಬಿನಿಂದಲೇ ಹೋಗುತ್ತದೆ. ಆ ಹೊತ್ತಿನ ದುಡ್ಡನ್ನು ನಾವು ಸೇರಿಸಿ ಕೊಟ್ಟೆವು. ಕ್ಲಾಸಿನ ಪ್ರಾಜೆಕ್ಟ್ ಅಂತ ಪುಕ್ಕಟೆ ಕೇಳುವುದು ನನಗೆ ಸರಿ ಕಾಣಲಿಲ್ಲ.

ನಿಜವಾದ ಕೆಲಸ ಸದ್ದಿನದು. ಎಲ್ಲ ಮಷಿನ್ ಓಡುವಾಗ ರೆಕಾರ್ಡ್ ಮಾಡಿದರೆ ಬರೋದು ಒಂದೇ ಗುಂಯ್ ಅನ್ನೋ ಶಬ್ದ. ಅದರಲ್ಲಿ ಕತ್ತರಿಯೂ ಇಲ್ಲ, ಸೂಜಿಯೂ ಇಲ್ಲ. ಊಟದ ಬಿಡುವಿನಲ್ಲಿ ಫ್ಯಾನ್ ಸಮೇತ ಎಲ್ಲ ಆರಿಸಿ, ಒಂದೊಂದೇ ಸದ್ದು ಹಿಡಿದೆವು. ಮೇಜಿನ ಮೇಲೆ ಫೋನ್ ಇಟ್ಟರೆ ಮಷಿನ್ನಿನ ನಡುಕ ಮೈಕಿಗೆ ಏರುತ್ತದೆ. ಮಡಚಿದ ಜೀನ್ಸ್ ಗುಡ್ಡೆಯ ಮೇಲೆ ಇಟ್ಟಾಗ ಸರಿಹೋಯಿತು. ಸೀಮೆಸುಣ್ಣಕ್ಕೆ ಮೈಕ್ ಒಂದು ಗೇಣು ದೂರ ಸಾಕು. ಸುತ್ತಿಗೆಗೆ ಮಾರು ದೂರ, ಇಲ್ಲದಿದ್ದರೆ ಸದ್ದು ಒಡೆಯುತ್ತದೆ. ಯಾರೂ ಮಾತಾಡದೆ ಖಾಲಿ ಕೋಣೆಯ ಸದ್ದನ್ನೂ ಅರ್ಧ ನಿಮಿಷ ಹಿಡಿದಿಟ್ಟುಕೊಂಡೆವು. ಎಡಿಟಿಂಗ್‌ನಲ್ಲಿ ಎರಡು ಶಾಟ್ ನಡುವಿನ ತೂತು ಮುಚ್ಚೋದು ಅದೇ.

ಎಡಿಟ್ ಮಾಡುವಾಗ ಚಿತ್ರಕ್ಕೆ ಸದ್ದು ಕೂರಿಸಲಿಲ್ಲ, ಸದ್ದಿಗೆ ಚಿತ್ರ ಕೂರಿಸಿದೆವು. ಸುತ್ತಿಗೆಯ ಏಟು ತಾಳ. ಟಕ್ ಅಂದಲ್ಲಿ ಕಟ್. ಮಷಿನ್ ಕಾಲಂಚಿನ ಸುತ್ತ ಓಡಿ ಗಕ್ಕನೆ ನಿಲ್ಲುತ್ತದೆ, ದಾರ ಕತ್ತರಿಸೋ ಸಣ್ಣ ಸದ್ದು, ಆಮೇಲೆ ಮಾತು. ಹಿನ್ನೆಲೆಗೆ ಸಿನಿಮಾ ಹಾಡು ಬೇಡ ಅಂತ ಮೇಡಂ ಮೊದಲೇ ಹೇಳಿದ್ದರು. ಕ್ಲಾಸಿನೊಳಗೆ ತೋರಿಸುವುದು ಬೇರೆ, ಅಂಗಡಿಯವರು ಅದನ್ನು ವ್ಯಾಪಾರಕ್ಕೆ ಬಳಸೋದು ಬೇರೆ. ಹಕ್ಕುದಾರರ ಅನುಮತಿ ಬೇಕು. ನಮಗೆ ಹಾಡಿನ ಅಗತ್ಯವೇ ಬೀಳಲಿಲ್ಲ.

ಧ್ವನಿ ಯಾರದ್ದು? ಹೆಸರಾಂತ ರಂಗನಟ ಬಳ್ಳಾರಿ ರಾಘವರ ಊರು ಇದು, ನಾಟಕದ ಕಂಠಕ್ಕೆ ಬರವಿಲ್ಲ. ಹವ್ಯಾಸಿ ತಂಡದ ಹಿರಿಯರೊಬ್ಬರು ಪ್ರೀತಿಯಿಂದ ಬಂದು ಓದಿದರು. ಎಂಥ ಕಂಠ! ಆದರೆ ಪ್ಯಾಂಟಿನ ಉದ್ದದ ಮಾತು ರಾಜಾಜ್ಞೆಯ ಹಾಗೆ ಕೇಳಿಸಿತು. ನಮ್ಮ ಗೆಳತಿ ಓದಿದರೆ ಬೆಂಗಳೂರಿನ ಎಫ್‌ಎಂ ನೆನಪಾಗುತ್ತಿತ್ತು. ಪಕ್ಕದಲ್ಲಿ ಕೂತು ದಾರ ಕತ್ತರಿಸುತ್ತಿದ್ದ ಅಕ್ಕ ಇದನ್ನೆಲ್ಲ ಕೇಳಿ ಕೇಳಿ ಬೇಸತ್ತು, ಕೈಕೆಲಸ ಬಿಡದೆ, ತಲೆಯೂ ಎತ್ತದೆ ಅಂದರು: 'ಉದ್ದ ಆಯ್ತೇನ್ರೀ? ಹೊಲ್ದೋರು ಇಲ್ಲೇ ಕುಂತಾರ.' ಅಷ್ಟೇ. ಅವರನ್ನೇ ಕೇಳಿಕೊಂಡು, ಅದೇ ದನಿಯಲ್ಲಿ ಮತ್ತೆ ಹೇಳಿಸಿ ರೆಕಾರ್ಡ್ ಮಾಡಿದೆವು. ಶಿಷ್ಟ ಕನ್ನಡದಲ್ಲಿ ಇರಬೇಕಿತ್ತಲ್ಲ ಅಂತ ಕ್ಲಾಸಿನಲ್ಲಿ ಒಬ್ಬರು ಕೇಳಿದರು. ಜೀನ್ಸ್ ಕೊಳ್ಳೋಕೆ ಬರೋರು ಮಾತಾಡೋ ಕನ್ನಡ ಇದೇ. ಇನ್ನು ಕೆಲವರು ತೆಲುಗು, ಕೆಲವರು ಉರ್ದು ಮಾತಾಡುತ್ತಾರೆ. ಈ ದನಿ ಅವರಿಗೂ ಪರಿಚಯ.

ಕೊನೆಯ ಕಾರ್ಡಿಗೆ ಕನ್ನಡ ಅಕ್ಷರ ಹಾಕುವಾಗ ಸ್ವಲ್ಪ ಹೊತ್ತು ಹೋಯಿತು. ಲ್ಯಾಬಿನಲ್ಲಿ ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಎಡಿಟಿಂಗ್ ಸಾಫ್ಟ್‌ವೇರ್‌ಗೆ ಹಾಕಿದರೆ ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿ. ಯೂನಿಕೋಡ್‌ನಲ್ಲೇ ಟೈಪ್ ಮಾಡಬೇಕು. ಹಾಗಿದ್ದರೂ ಕೆಲವು ಆ್ಯಪ್‌ಗಳಲ್ಲಿ ಒತ್ತಕ್ಷರ ಕಳಚಿ ಪಕ್ಕಕ್ಕೆ ಬೀಳುತ್ತದೆ. ಸುಲಭದ ದಾರಿ, ಹೆಸರನ್ನು ಬೇರೆ ಕಡೆ ಬರೆದು ಚಿತ್ರವಾಗಿ ಸೇವ್ ಮಾಡಿ ತಂದು ಕೂರಿಸುವುದು. ಫೋನ್ ನಂಬರ್ ಒಂದೇ ಹಾಕಿದೆವು. ಎರಡು ನಂಬರ್ ಹಾಕಿದರೆ ನೋಡುವವರಿಗೆ ಎರಡೂ ನೆನಪಿರಲ್ಲ.

ಮಾಲೀಕರು ನೋಡಿ ಮೊದಲು ಕೇಳಿದ್ದು, ಇದನ್ನೇ ಇನ್ನೂ ಚಿಕ್ಕದು ಮಾಡಿಕೊಡ್ತೀರಾ ಅಂತ. ಟಿವಿಯಲ್ಲಿ ರೇಟು 10 ಸೆಕೆಂಡಿನ ಲೆಕ್ಕದಲ್ಲಿ ಇರುತ್ತದೆ, ಲೋಕಲ್ ಕೇಬಲ್‌ನವರನ್ನು ವಿಚಾರಿಸಿ ಬಂದಿದ್ದರು. 30ರಿಂದ 10ಕ್ಕೆ ಇಳಿಸುವಾಗ ಕನ್ನಡಿ ಮುಂದಿನ ಹುಡುಗ ಹೋದ, ಕತ್ತರಿ ಹೋಯಿತು, ಪರದೆ ಹೋಯಿತು. ಮುದುರಿದ ಕಾಲು, ಸುತ್ತಿಗೆಯ ಎರಡು ಏಟು, ಮಷಿನ್, ಅಕ್ಕನ ಮಾತು, ಹೆಸರು. ಅವರು ಈಗ ವಾಟ್ಸಾಪ್ ಸ್ಟೇಟಸ್‌ಗೆ ಹಾಕೋದು ಇದನ್ನೇ. ಅವರ ಫೋಟೋ ಎರಡರಲ್ಲೂ ಇಲ್ಲ. ಪ್ಯಾಂಟ್ ಇಸಕೊಳ್ಳೋ ಕೈ ಇತ್ತಲ್ಲ, ಅದೂ 10 ಸೆಕೆಂಡಿನದರಲ್ಲಿ ಉಳಿಯಲಿಲ್ಲ. ಅದಕ್ಕೆ ಮಾತ್ರ ಅವರಿಗೆ ಸ್ವಲ್ಪ ಬೇಜಾರಿದೆ.