ಹಳದಿ ಪಿನ್ನಿನ ಇನ್ನೊಂದು ತಂತಿ

ಅಕ್ಕನ ಮದುವೆ ಆಗಿದ್ದು 1994ರಲ್ಲಿ, ದಾವಣಗೆರೆಯಲ್ಲೇ. ಆ ಮದುವೆಯ ವಿಎಚ್‌ಎಸ್ ಕ್ಯಾಸೆಟ್ ನಿಟುವಳ್ಳಿಯ ನಮ್ಮ ಮನೆಯ ಬೀರುವಿನಲ್ಲಿ, ಸೀರೆಗಳ ಅಡಿಯಲ್ಲಿ ಇತ್ತು. ಅಜ್ಜಿ ಓಡಾಡುವುದು, ಮಾತಾಡುವುದು ಉಳಿದಿರುವುದು ಆ ಒಂದೇ ಕ್ಯಾಸೆಟ್‌ನಲ್ಲಿ. "ನಿಮ್ಮಜ್ಜಿನ್ನ ಇನ್ನೊಂದ್ ಸಲ ನೋಡ್ಬೇಕು ಕಣೋ" ಅಂತ ಅವ್ವ ಕೇಳಿದ ಮೇಲೆ ಸುಮ್ನೆ ಕೂರೋಕೆ ಆಗಲಿಲ್ಲ.

ಕ್ಯಾಸೆಟ್ ಓಡಿಸುವ ವಿಸಿಆರ್ ಮನೆಯಲ್ಲೇ ಇತ್ತು. ಬೆಲ್ಟ್ ಸಡಿಲವಾಗಿತ್ತು. ಅಶೋಕ ರಸ್ತೆ ಕಡೆ ಹಳೇ ಟಿವಿ ರಿಪೇರಿ ಮಾಡುವ ಅಣ್ಣ ಒಬ್ಬರು ಹೊಸ ಬೆಲ್ಟ್ ಹಾಕಿ, ಹೆಡ್ ಒರೆಸಿ ಕೊಟ್ಟರು. ತೊಂದರೆ ಶುರುವಾಗಿದ್ದು ಅದನ್ನು ಟಿವಿಗೆ ಜೋಡಿಸುವಾಗ.

ವಿಸಿಆರ್ ಹಿಂದೆ ಚಿತ್ರಕ್ಕೆ ಹಳದಿ, ಧ್ವನಿಗೆ ಬಿಳಿ, ಕೆಂಪು ತೂತುಗಳಿದ್ದವು. ನಮ್ಮ ಹೊಸ ಟಿವಿಯಲ್ಲಿ ಅವು ಇರಲಿಲ್ಲ. ಹೆಡ್‌ಫೋನ್‌ನದ್ದೇ ಅಳತೆಯ, 3.5 ಮಿಲಿಮೀಟರ್‌ನ ಒಂದು ತೂತಿನ ಪಕ್ಕ 'ಎವಿ ಇನ್' ಅಂತ ಬರೆದಿತ್ತು. ಅಂಗಡಿಯಿಂದ ಒಂದು ಕೇಬಲ್ ತಂದೆ: ಒಂದು ತುದಿಯಲ್ಲಿ ಸಣ್ಣ ಪಿನ್, ಇನ್ನೊಂದು ತುದಿಯಲ್ಲಿ ಮೂರು ಬಣ್ಣದ ತೂತು. ವಿಸಿಆರ್ ಕಡೆಯಿಂದ ಬಂದ ಮೂರು ಬಣ್ಣದ ಪಿನ್‌ಗಳನ್ನು ಅದಕ್ಕೆ ಹಾಕಿದೆ, ಎಲ್ಲಾ ಸರಿಯಾಗಿ ಕೂತಿತು. ಪರದೆ ಮಾತ್ರ ಕಪ್ಪು. ಸ್ಪೀಕರ್‌ನಲ್ಲಿ ಗರ್ ಅಂತ ಸದ್ದು. ಅಂಗಡಿಯವರು "ಟಿವಿಯೇ ಹೋಗಿರ್ಬೇಕು ಸಾರ್" ಅಂದರು. ನನಗೆ ನಂಬಿಕೆ ಬರಲಿಲ್ಲ.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಹಳದಿ ಪಿನ್ ಅಂದರೆ ಒಂದು ತಂತಿ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅಲ್ಲ, ಅದರಲ್ಲಿ ಎರಡು ತಂತಿ ಇವೆ. ನಡುವಿನ ಕಡ್ಡಿ ಸಿಗ್ನಲ್‌ನದ್ದು. ಸುತ್ತಲಿನ ಲೋಹದ ಬಳೆ ಗ್ರೌಂಡ್‌ನದ್ದು. ಕೇಬಲ್ ಒಳಗೂ ಹಾಗೇ, ನಡುವೆ ಒಂದು ತಂತಿ, ಅದರ ಸುತ್ತ ತಾಮ್ರದ ಜಾಲರಿ. ಹೋದ ಕರೆಂಟು ವಾಪಸ್ ಬರೋದು ಆ ಜಾಲರಿಯಲ್ಲೇ. ಹೊರಗಿನ ಗದ್ದಲ ಒಳಗೆ ನುಗ್ಗದಂತೆ ತಡೆಯೋದೂ ಅದೇ. ಟಿವಿ ಅಳೆಯೋದು ಈ ಎರಡರ ನಡುವಿನ ವ್ಯತ್ಯಾಸವನ್ನು. ವಿಡಿಯೋಗೆ ಅದು ಸುಮಾರು 1 ವೋಲ್ಟ್ ಅಷ್ಟೇ. ಅಷ್ಟು ಸಣ್ಣ ಏರಿಳಿತದಲ್ಲಿ ಚಿತ್ರದ ಹೊಳಪು, ಬಣ್ಣ, ಸಾಲು ಎಲ್ಲಿ ಶುರು ಅಂತ ಹೇಳುವ ಗುರುತು, ಎಲ್ಲಾ ಒಟ್ಟಿಗೆ ಹೋಗುತ್ತವೆ. ನಮ್ಮ ದೇಶದ ಹಳೇ ಟಿವಿ ಪದ್ಧತಿಯಾದ ಪಾಲ್‌ನಲ್ಲಿ ಒಂದು ಚಿತ್ರಕ್ಕೆ 625 ಸಾಲು.

ಸಣ್ಣ ಪಿನ್ನಿನಲ್ಲಿ ನಾಲ್ಕು ಭಾಗ ಇರುತ್ತವೆ: ತುದಿ, ಎರಡು ಉಂಗುರ, ಬುಡ. ಎಡ ಧ್ವನಿ, ಬಲ ಧ್ವನಿ, ವಿಡಿಯೋ, ಗ್ರೌಂಡ್. ಯಾವುದು ಎಲ್ಲಿ ಅನ್ನೋದಕ್ಕೆ ಎಲ್ಲರೂ ಒಪ್ಪಿದ ಒಂದು ಕ್ರಮ ಇಲ್ಲ. ಕೆಲವರು ಗ್ರೌಂಡನ್ನು ಎರಡನೇ ಉಂಗುರಕ್ಕೆ ಕೊಡುತ್ತಾರೆ, ಕೆಲವರು ಬುಡಕ್ಕೆ. ಹೊರಗಿನಿಂದ ನೋಡಿದರೆ ಎಲ್ಲಾ ಕೇಬಲ್ ಒಂದೇ ಥರ.

ಟಿವಿಯ ಪ್ಲಗ್ ಗೋಡೆಯಿಂದ ಕಿತ್ತೆ. ಕೇಬಲನ್ನು ಟಿವಿಯಲ್ಲೇ ಬಿಟ್ಟು ಮಲ್ಟಿಮೀಟರ್ ಹಿಡಿದೆ. ಒಂದು ಕಡ್ಡಿಯನ್ನು ಟಿವಿಯ ಆಂಟೆನಾ ತೂತಿನ ಹೊರ ಲೋಹಕ್ಕೆ ಇಟ್ಟೆ, ಯಾಕಂದರೆ ಅದು ಗ್ರೌಂಡ್ ಅನ್ನೋದು ಖಾತ್ರಿ. ಇನ್ನೊಂದನ್ನು ಹಳದಿ ತೂತಿನ ಹೊರ ಬಳೆಗೆ ಮುಟ್ಟಿಸಿದೆ. ಎರಡೂ ನೇರ ಸೇರಿದ್ದರೆ ಬೀಪ್ ಬರಬೇಕಿತ್ತು, ಬರಲಿಲ್ಲ. ಮೀಟರ್ 75 ಓಮ್‌ ಆಸುಪಾಸು ತೋರಿಸಿತು. ಅದೇ ಕಡ್ಡಿಯನ್ನು ಹಳದಿ ತೂತಿನ ಒಳಗೆ, ನಡುವಿಗೆ ಇಟ್ಟೆ. ಬೀಪ್!

ಅಲ್ಲಿಗೆ ಗೊತ್ತಾಯಿತು. ವಿಡಿಯೋ ತೆಗೆದುಕೊಳ್ಳುವ ಕಡೆ ಸಿಗ್ನಲ್ಲಿಗೂ ಗ್ರೌಂಡಿಗೂ ನಡುವೆ 75 ಓಮ್ ತಡೆ ಇಟ್ಟಿರುತ್ತಾರೆ. ಕೇಬಲ್‌ನ ಲೆಕ್ಕವೂ 75 ಓಮ್. ಎರಡೂ ಹೊಂದಿದರೆ ಸಿಗ್ನಲ್ ತುದಿ ಮುಟ್ಟಿ ವಾಪಸ್ ಪುಟಿಯೋದಿಲ್ಲ, ಚಿತ್ರದಲ್ಲಿ ನೆರಳು ಬೀಳೋದಿಲ್ಲ. ಆ 75 ನನಗೆ ಹೊರ ಬಳೆಯಲ್ಲಿ ಸಿಕ್ಕಿತು ಅಂದರೆ ಬಳೆ ಟಿವಿಯ ವಿಡಿಯೋಗೆ ಸೇರಿದೆ, ನಡುವಿನ ಕಡ್ಡಿ ಗ್ರೌಂಡಿಗೆ ಸೇರಿದೆ. ಟಿವಿ ಚೆನ್ನಾಗೇ ಇತ್ತು. ಕೇಬಲ್ ಅದಲುಬದಲು.

ಇನ್ನೊಂದು ಕೇಬಲ್ ತಂದರೂ ಅದೇ ಆಗಬಹುದಿತ್ತು. ಅದಕ್ಕೆ ನಾಲ್ಕು ಭಾಗದ ಬಿಡಿ ಪಿನ್ ಒಂದು ತಂದು, ಹಳೇದನ್ನು ಕತ್ತರಿಸಿ, ನಾನೇ ಬೆಸುಗೆ ಹಾಕಿದೆ. ಜಾಲರಿಯನ್ನು ಬಿಡಿಸಿ, ಜಡೆ ಥರ ಹೊಸೆದು, ಮೊದಲು ಅದಕ್ಕೇ ಸ್ವಲ್ಪ ಸೋಲ್ಡರ್ ಕುಡಿಸಬೇಕು. ಇಲ್ಲದಿದ್ದರೆ ಕೂದಲಿನಂಥ ಒಂದು ಎಳೆ ಹೊರಗೆ ಉಳಿದು ನಡುವಿನ ತಂತಿ ಮುಟ್ಟುತ್ತದೆ, ಚಿತ್ರ ಪೂರ್ತಿ ಹೋಗುತ್ತದೆ. ಭೂತಗನ್ನಡಿ ಹಿಡಿದು ನೋಡಿದಾಗ ಅಂಥ ಒಂದು ಎಳೆ ಸಿಕ್ಕಿತು. ಕತ್ತರಿಸಿದೆ. ತುದಿಗೆ ಎಡ, ಮೊದಲ ಉಂಗುರಕ್ಕೆ ಬಲ, ಎರಡನೇ ಉಂಗುರಕ್ಕೆ ಮೂರೂ ಜಾಲರಿ, ಬುಡಕ್ಕೆ ವಿಡಿಯೋ. ಇದು ನಮ್ಮ ಟಿವಿಯ ಕ್ರಮ. ನಿಮ್ಮದಕ್ಕೆ ನೀವೇ ಮೀಟರ್ ಇಟ್ಟು ನೋಡಿ.

ಚಿತ್ರ ಬಂತು. "ಬಂತಾ? ಬಂತಾ?" ಅಂತ ಅವ್ವ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದರು.

ಟಿವಿಯ ಸಣ್ಣ ಸ್ಪೀಕರ್‌ನಲ್ಲಿ ನಾದಸ್ವರ ಚೆನ್ನಾಗಿ ಕೇಳಲಿಲ್ಲ. ಬಿಳಿ, ಕೆಂಪು ಎರಡನ್ನೂ ಕಿತ್ತು ಅಪ್ಪನ ಹಳೇ ಆಂಪ್ಲಿಫೈಯರ್‌ಗೆ ಕೊಟ್ಟೆ. ಆಗ ಗುಂಯ್ ಅನ್ನೋ ಸದ್ದು ಹಿಡಿದುಕೊಂಡಿತು. ಕೇಬಲ್ ಬದಲಿಸಿದರೂ ಹೋಗಲಿಲ್ಲ. ಸೆಟ್ ಟಾಪ್ ಬಾಕ್ಸ್‌ಗೆ ಬೀದಿಯಿಂದ ಬರುವ ಕೇಬಲ್ ತಿರುಗಿಸಿ ಬಿಚ್ಚಿದೆ, ತಕ್ಷಣ ನಿಂತಿತು.

ಇದೂ ಗ್ರೌಂಡಿನದ್ದೇ ಕಥೆ. ಆಂಪ್ಲಿಫೈಯರ್‌ನದ್ದು ಮೂರು ಪಿನ್ ಪ್ಲಗ್, ಅದರ ಗ್ರೌಂಡ್ ಮನೆಯ ಅರ್ಥ್‌ಗೆ ಹೋಗುತ್ತದೆ. ಬೀದಿಯ ಕೇಬಲ್‌ನ ಜಾಲರಿ ಎಲ್ಲೋ ದೂರದಲ್ಲಿ ಬೇರೆ ಅರ್ಥ್‌ಗೆ ಸೇರಿದೆ, ಈ ಕಡೆ ಟಿವಿಗೆ ಬಂದಿದೆ. ನಡುವೆ ವಿಸಿಆರ್ ಕೂತು ಎರಡನ್ನೂ ಕೂಡಿಸಿತು. ಎರಡು ಅರ್ಥ್‌ಗಳ ನಡುವೆ ಸ್ವಲ್ಪ ವ್ಯತ್ಯಾಸ ಇದ್ದೇ ಇರುತ್ತದೆ. ಅದರಿಂದ ಜಾಲರಿಯಲ್ಲೇ 50 ಹರ್ಟ್ಜ್ ಕರೆಂಟು ಹರಿಯಿತು. ಧ್ವನಿಯ ಸಿಗ್ನಲ್ ಅರ್ಧ ವೋಲ್ಟಿನ ಆಚೀಚೆ ಇರುವಾಗ ಸ್ವಲ್ಪ ಸೇರಿದರೂ ಕಿವಿಗೆ ಗೊತ್ತಾಗುತ್ತದೆ. ಕೆಲವರು ಈ ಗುಂಯ್‌ಗೆ ಅರ್ಥ್ ಪಿನ್ನನ್ನೇ ಮುರಿದು ಹಾಕುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸದ್ದು ಹೋಗುತ್ತದೆ ನಿಜ, ಆದರೆ ಆಂಪ್ಲಿಫೈಯರ್ ಒಳಗೆ ಏನಾದರೂ ಕೆಟ್ಟರೆ ಅದರ ಲೋಹದ ಪೆಟ್ಟಿಗೆಯೇ ಶಾಕ್ ಹೊಡೆಯುತ್ತದೆ. ಕ್ಯಾಸೆಟ್ ನೋಡುವಷ್ಟು ಹೊತ್ತು ಬೀದಿಯ ಕೇಬಲ್ ಬಿಚ್ಚಿಟ್ಟರೆ ಸಾಕು.

ಇನ್ನೊಂದು ಮಾತು. ಈ ಪಿನ್ ಹಾಕುವಾಗ ನಡುವಿನ ಕಡ್ಡಿ ಮೊದಲು ಮುಟ್ಟುತ್ತದೆ, ಹೊರ ಬಳೆ ಆಮೇಲೆ. ಆ ಒಂದು ಕ್ಷಣ ಗ್ರೌಂಡ್ ಇರೋದಿಲ್ಲ, ಸ್ಪೀಕರ್ ಜೋರಾಗಿ ಕಿರುಚುತ್ತದೆ. ಅದಕ್ಕೇ ಆಂಪ್ಲಿಫೈಯರ್ ಆಫ್ ಮಾಡಿ ಪಿನ್ ಹಾಕೋದು ಒಳ್ಳೇದು.

ಕಂಪ್ಯೂಟರ್‌ಗೆ ಇಳಿಸೋದು ಆಮೇಲೆ ಸುಲಭವಾಯಿತು. ಯುಎಸ್‌ಬಿ ಕ್ಯಾಪ್ಚರ್ ಕಡ್ಡಿ, 720 ಗುಣಿಸು 576 ಚುಕ್ಕಿ, ಸೆಕೆಂಡಿಗೆ 25 ಚಿತ್ರ. ಸಾಫ್ಟ್‌ವೇರ್‌ನಲ್ಲಿ ಪಾಲ್ ಆಯ್ಕೆ ಮಾಡೋದು ಮರೆಯಬಾರದು, ಬೇರೆ ಇದ್ದರೆ ಬಣ್ಣವೇ ಬರದೆ ಹೋಗಬಹುದು. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯಲ್ಲೇ ಓಡಿಸಿದೆ, ಇನ್ನೊಂದು ಅರ್ಥ್ ದಾರಿ ಬೇಡ ಅಂತ.

ಅಜ್ಜಿ ಬಂದದ್ದು ಧಾರೆ ಮುಗಿದ ಮೇಲೆ. ಇಳಕಲ್ ಸೀರೆ ಉಟ್ಟು ಅಕ್ಕಿಕಾಳು ಹಿಡಿದು ನಿಂತಿದ್ದಾರೆ. ಸೆರಗಿನ ಕೆಂಪು ಅಂಚು ದಾಟಿ ಬಲಗಡೆ ಸ್ವಲ್ಪ ಸೋರಿದೆ. ಅದು ಕೇಬಲ್‌ನ ತಪ್ಪಲ್ಲ. ವಿಎಚ್‌ಎಸ್ ಟೇಪು ಹೊಳಪಿಗೆ ಸುಮಾರು 3 ಮೆಗಾಹರ್ಟ್ಜ್ ಜಾಗ ಕೊಟ್ಟರೆ ಬಣ್ಣಕ್ಕೆ ಅರ್ಧ ಮೆಗಾಹರ್ಟ್ಜ್ ಕೂಡ ಕೊಡೋದಿಲ್ಲ. ಹಾಗಾಗಿ ಮುಖದ ಗೆರೆಗಳು ಸ್ಪಷ್ಟ, ಬಣ್ಣ ಮಾತ್ರ ಹರಡಿರುತ್ತದೆ. ಸಾಫ್ಟ್‌ವೇರ್‌ನಲ್ಲಿ ಅದನ್ನು ಸ್ವಲ್ಪ ತಿದ್ದಬಹುದು ಅಂತ ಅವ್ವನಿಗೆ ಹೇಳಿದೆ.

"ಬ್ಯಾಡ, ಹಂಗೇ ಇರ್ಲಿ" ಅಂದರು. "ಹಿಂದಕ್ಕೆ ಹಾಕು, ಅಜ್ಜಿ ಏನೋ ಹೇಳಿದ್ರು ನೋಡು."