ಗ್ರಂಥಾಲಯದ ಬಾಗಿಲಲ್ಲಿ ಜನರ ಲೆಕ್ಕ: ಡಾಕರ್‌ನಲ್ಲಿ ಸೆನ್ಸರ್ ಕೌಂಟರ್ ಓಡಿಸುವುದು ಹೇಗೆ?

ಊರಿನ ಗ್ರಂಥಾಲಯಕ್ಕೆ ದಿನಕ್ಕೆ ಎಷ್ಟು ಜನ ಬರುತ್ತಾರೆ ಅಂತ ಕೇಳಿದರೆ ಬಾಗಿಲ ಬಳಿಯ ರಿಜಿಸ್ಟರ್ ತೋರಿಸುತ್ತಾರೆ. ಆದರೆ ಪೇಪರ್ ಓದಿ ಎದ್ದು ಹೋಗುವ ಹಿರಿಯರಾಗಲಿ, ಶಾಲೆ ಬಿಟ್ಟ ಕೂಡಲೇ ಗುಂಪಾಗಿ ನುಗ್ಗುವ ಮಕ್ಕಳಾಗಲಿ ಅದರಲ್ಲಿ ಸಹಿ ಹಾಕುವುದು ಅಪರೂಪ. ಕ್ಯಾಮೆರಾ ಹಾಕಿಯೂ ಎಣಿಸಬಹುದು. ಓದಲು ಬಂದವರ ಮುಖ ನಮಗೆ ಯಾಕೆ, ಲೆಕ್ಕ ಸಿಕ್ಕರೆ ಸಾಕಲ್ವಾ? ಅದಕ್ಕೆ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್, ಎರಡು ಇನ್‌ಫ್ರಾರೆಡ್ ಸೆನ್ಸರ್, ಪ್ರೋಗ್ರಾಂ ಒಂದನ್ನು ಅದಕ್ಕೆ ಬೇಕಾದ್ದೆಲ್ಲದರ ಸಮೇತ ಪ್ರತ್ಯೇಕ ಡಬ್ಬಿಯಲ್ಲಿಟ್ಟು ಓಡಿಸುವ ಡಾಕರ್ ಎಂಬ ಸಾಫ್ಟ್‌ವೇರ್ ಇದ್ದರೆ ಆಯಿತು.

ಮೊದಲು ಸೆನ್ಸರ್. ಎಚ್‌ಸಿ-ಎಸ್‌ಆರ್501 ಎಂಬ ಪಿಐಆರ್ ಸೆನ್ಸರ್ (ಮೈಶಾಖದಿಂದ ಚಲನೆ ಗುರುತಿಸುವಂಥದ್ದು) ಎಲ್ಲ ಕಡೆ ಸಿಗುತ್ತದೆ, ಆದರೆ ಈ ಕೆಲಸಕ್ಕೆ ಬೇಡ. ಯಾರಾದರೂ ಎದುರು ಹಾದುಹೋದರೆ ಅದರ ಸಿಗ್ನಲ್ ಕೆಲವು ಸೆಕೆಂಡ್ ಹಾಗೇ ನಿಲ್ಲುತ್ತದೆ, ಅಷ್ಟರಲ್ಲಿ ಮೂವರು ಮಕ್ಕಳು ಒಳಗೆ ಓಡಿದರೂ ಲೆಕ್ಕ ಒಂದೇ. ಬಂದರೋ ಹೋದರೋ ಅನ್ನುವುದೂ ತಿಳಿಯುವುದಿಲ್ಲ. ಬದಲಿಗೆ ಇ18-ಡಿ80ಎನ್‌ಕೆ ತನ್ನಿ. 80 ಸೆಂ.ಮೀ. ಒಳಗೆ ಏನಾದರೂ ಅಡ್ಡ ಬಂದರೆ ಅದಕ್ಕೆ ಗೊತ್ತಾಗುತ್ತದೆ, ಮೂರಡಿ ಬಾಗಿಲಿಗೆ ಸಾಕು. ಹಿಂದಿರುವ ಪುಟ್ಟ ಸ್ಕ್ರೂ ತಿರುಗಿಸಿ ದೂರ ಹೊಂದಿಸಿ.

ಎರಡನ್ನೂ ಬಾಗಿಲ ಒಂದೇ ಬದಿಗೆ, ದೊಡ್ಡವರ ಸೊಂಟದ ಎತ್ತರಕ್ಕೆ, ಒಂದು ಹೊರಗಡೆ ಇನ್ನೊಂದು ಒಳಗಡೆ ಬರುವಂತೆ ಅರ್ಧ ಗೇಣು ಅಂತರದಲ್ಲಿ ಕೂರಿಸಿ. ಇದಕ್ಕೆ 5 ವೋಲ್ಟ್ ಬೇಕು, ಆದರೆ ಪೈನ ಪಿನ್‌ಗಳು ತಾಳುವುದು 3.3 ವೋಲ್ಟ್ ಮಾತ್ರ. ಸಿಗ್ನಲ್ ವೈರನ್ನು ನೇರವಾಗಿ ಸಿಕ್ಕಿಸಿದರೆ ಪೈ ಸುಟ್ಟುಹೋಗಬಹುದು, ನಡುವೆ ವೋಲ್ಟೇಜ್ ಇಳಿಸುವ ಲೆವೆಲ್ ಕನ್ವರ್ಟರ್ ಇರಲೇಬೇಕು.

ಪ್ರೋಗ್ರಾಂ ಪೈಥಾನ್‌ನಲ್ಲಿ ಬರೆಯಿರಿ, ಪಿನ್ ಓದಲು ಜಿಪಿಐಒ ಝೀರೋ ಎಂಬ ಲೈಬ್ರರಿ (ಸಿದ್ಧ ಕೋಡ್) ಇದೆ. ಹೊರಗಿನ ಸೆನ್ಸರ್ ಮೊದಲು ಮುಚ್ಚಿ, ಆಮೇಲೆ ಎರಡೂ ಮುಚ್ಚಿ, ಕೊನೆಗೆ ಒಳಗಿನದು ತೆರೆದರೆ ಒಬ್ಬರು ಒಳಗೆ ಬಂದರು ಅಂತ ಲೆಕ್ಕ. ಉಲ್ಟಾ ಆದರೆ ಹೋದರು. ಹೊರಗಿನದಷ್ಟೇ ಮುಚ್ಚಿ ತೆರೆದರೆ ಯಾರೋ ಸುಮ್ನೆ ಇಣುಕಿ ಹೋಗಿದ್ದಾರೆ, ಬಿಟ್ಟುಬಿಡಿ. ಪ್ರತಿ ಸಲವೂ ಸಮಯ ಮತ್ತು ದಿಕ್ಕನ್ನು ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್ ಫೈಲಿಗೆ ಬರೆಸಿ. ಇಬ್ಬರು ಅಕ್ಕಪಕ್ಕ ನಡೆದು ಬಂದರೆ ಮಾತ್ರ ಒಬ್ಬರೆಂದೇ ಲೆಕ್ಕವಾಗುತ್ತದೆ.

ಈಗ ಕಂಟೇನರ್, ಅಂದರೆ ಡಾಕರ್‌ನ ಆ ಡಬ್ಬಿ. ಪ್ರೋಗ್ರಾಂ ನೇರವಾಗಿ ಓಡಿಸಿದರೆ ಆಗಲ್ವಾ? ಆಗುತ್ತದೆ. ಆದರೆ ಎಸ್‌ಡಿ ಕಾರ್ಡ್ ಕೆಟ್ಟ ದಿನ ಯಾವ ಲೈಬ್ರರಿಯ ಯಾವ ವರ್ಷನ್ ಹಾಕಿದ್ದೆವು ಅಂತ ಹುಡುಕುತ್ತಾ ಕೂರಬೇಕಾಗುತ್ತದೆ, ಕಂಟೇನರ್ ಆದರೆ ಹೊಸ ಕಾರ್ಡಿಗೆ ಡಾಕರ್ ಹಾಕಿ ಒಂದು ಕಮಾಂಡ್ ಕೊಟ್ಟರೆ ಮುಗಿಯಿತು. ಒಂದು ಮಾತು ನೆನಪಿರಲಿ: ಒಳಗಿರುವುದು ಪ್ರೋಗ್ರಾಂ ಮಾತ್ರ. ಸೆನ್ಸರ್, ಲೆಕ್ಕ, ಗಡಿಯಾರ ಮೂರೂ ಹೊರಗೆ.

ಸೆನ್ಸರ್ ಕಾಣಿಸಲಿ ಅಂತ ಪ್ರಿವಿಲೆಜ್ಡ್ ಎಂಬ ಆಯ್ಕೆ ಹಾಕುವವರು ಜಾಸ್ತಿ. ಅದು ಇಡೀ ಯಂತ್ರವನ್ನೇ ಕಂಟೇನರ್ ಕೈಗೆ ಕೊಟ್ಟ ಹಾಗೆ, ದಯವಿಟ್ಟು ಬೇಡ. ಕಂಟೇನರ್ ಹೇಗೆ ಓಡಬೇಕೆಂದು ಬರೆದಿಡುವ ಕಂಪೋಸ್ ಫೈಲಿನ ಡಿವೈಸಸ್ ಸಾಲಿನಲ್ಲಿ ಪೈನ ಪಿನ್‌ಗಳಿಗೆ ದಾರಿಯಾದ ಜಿಪಿಐಒಚಿಪ್0 ಒಂದನ್ನೇ ಕೊಡಿ. ಎಸ್‌ಕ್ಯೂಲೈಟ್ ಫೈಲ್ ಇರುವ ಫೋಲ್ಡರನ್ನು ವಾಲ್ಯೂಮ್ (ಕಂಟೇನರ್ ಅಳಿದರೂ ಉಳಿಯುವ ಹೊರಗಿನ ಜಾಗ) ಆಗಿ ಜೋಡಿಸಿ, ಅದು ಪೆನ್‌ಡ್ರೈವ್‌ನಲ್ಲಿದ್ದರೆ ಇನ್ನೂ ಒಳ್ಳೆಯದು. ಟೈಮ್‌ಝೋನ್ ಏಷ್ಯಾ/ಕೋಲ್ಕತಾ ಅಂತ ಕೊಡದಿದ್ದರೆ ಬೆಳಗ್ಗೆ 10ಕ್ಕೆ ಬಂದವರು ಗ್ರೀನ್‌ವಿಚ್ ಸಮಯದಂತೆ 4.30ಕ್ಕೆ ಬಂದಂತೆ ದಾಖಲಾಗುತ್ತಾರೆ. ರೀಸ್ಟಾರ್ಟ್ ಸಾಲಿಗೆ ಅನ್‌ಲೆಸ್-ಸ್ಟಾಪ್ಡ್ ಹಾಕಿ, ಕರೆಂಟ್ ಹೋಗಿ ಬಂದರೆ ಕೌಂಟರ್ ತಾನೇ ಏಳುತ್ತದೆ. ಡಾಕರ್ ಲಾಗ್‌ಗೂ 10 ಎಂಬಿ ಮಿತಿ ಇಡಿ, ಇಲ್ಲದಿದ್ದರೆ ತಿಂಗಳುಗಟ್ಟಲೆ ಬೆಳೆದು ಕಾರ್ಡ್ ತುಂಬುತ್ತದೆ.

ಕರೆಂಟ್ ವಿಷಯದಲ್ಲಿ ಇನ್ನೊಂದಿದೆ. ಪೈ 4ರಲ್ಲಿ ಬ್ಯಾಟರಿ ಗಡಿಯಾರ ಇಲ್ಲ, ಇಂಟರ್‌ನೆಟ್‌ನಿಂದ ಸಮಯ ತೆಗೆದುಕೊಳ್ಳುತ್ತದೆ. ಇಂಟರ್‌ನೆಟ್ ಸರಿಯಿಲ್ಲದ ಊರಾದರೆ ಡಿಎಸ್3231 ಗಡಿಯಾರದ ಮಾಡ್ಯೂಲ್ ಹಾಕಿಸಿ. ಪೈ ತೋರಿಸುವ ಸಮಯವೇ ಕಂಟೇನರ್‌ಗೂ ಸಿಗುತ್ತದೆ.

ಎಲ್ಲ ಆದ ಮೇಲೆ ನಾಲ್ಕೈದು ಜನರನ್ನು ಒಳಗೆ ಹೊರಗೆ ಓಡಾಡಿಸಿ ಲೆಕ್ಕ ತಾಳೆ ನೋಡಿ. ಬಳಿಕ ಕಂಟೇನರ್ ಅಳಿಸಿ, ಮತ್ತೆ ಎಬ್ಬಿಸಿ. ಹಳೆಯ ಲೆಕ್ಕ ಹಾಗೇ ಇದ್ದು ಮುಂದಿನವರು ಅದಕ್ಕೆ ಸೇರಿದರೆ ವಾಲ್ಯೂಮ್ ಸರಿಯಾಗಿದೆ, ಸೊನ್ನೆಯಿಂದ ಶುರುವಾದರೆ ಫೋಲ್ಡರ್ ಹೆಸರು ಇನ್ನೊಮ್ಮೆ ನೋಡಿ.